ಮೆಲ್ಲಗೆ ಮಾತಾಡಿ, ಮಲಗಿದ್ದಾರೆ

ಸ್ಮಶಾನವೆಂದರೆ ನಮಗೆ ಭಯವಿತ್ತು. ಇಷ್ಟು ಕಾಲ ಮರ್ಯಾದೆಯ ಕೆಲಸವನ್ನೂ ಆ ಭಯವೇ ಮಾಡಿಕೊಂಡು ಬಂತು. ಈಗ ಗೋರಿಗಳು ಪ್ರವಾಸಿ ತಾಣಗಳಾಗಿವೆ, ಭಯ ಬಿಟ್ಟುಹೋಗಿದೆ. ಅದು ಖಾಲಿ ಮಾಡಿದ ಜಾಗದಲ್ಲಿ ಏನಿದೆ?

ಮೊದಲು ಕೇಳುವುದು ಸಿಳ್ಳೆ. ಆಮೇಲೆ ಹೆಸರುಗಳು.

"ಏ ಮಂಜ್ಯಾ!" ಎಂದು ಒಬ್ಬ ಹುಡುಗ ಕೂಗುತ್ತಾನೆ. ಗುಮ್ಮಟ ಆ ಹೆಸರನ್ನು ಹಿಡಿದು, ಒಂದಾದ ಮೇಲೊಂದು, ಏಳು ಸಲ ಹಿಂದಿರುಗಿಸುತ್ತದೆ. ಏಳನೆಯದು ಆರುವ ಮೊದಲೇ ಇನ್ನೊಬ್ಬ ತನ್ನದೇ ಹೆಸರು ಕೂಗಿರುತ್ತಾನೆ. ಮತ್ತೆ ಇಪ್ಪತ್ತು ಮಂದಿ ಒಟ್ಟಿಗೆ. ಯಾವುದು ಯಾರ ಹೆಸರೆಂದು ಯಾರಿಗೂ ತಿಳಿಯುವುದಿಲ್ಲ. ಎದೆಗೂಡು ನಡುಗಿಸುವ ಮೊರೆತವೊಂದೇ ಉಳಿಯುತ್ತದೆ.

ಡಿಸೆಂಬರಿನ ಬೆಳಿಗ್ಗೆ, ವಿಜಯಪುರದ ಗೋಳಗುಮ್ಮಟ. ಹೊರಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿವೆ, ಕಿಟಕಿ ಸರಳಿನಲ್ಲಿ ಟವೆಲ್ಲುಗಳು ಒಣಗುತ್ತಿವೆ. ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಮಕ್ಕಳು ಪಿಸುಗುಟ್ಟುವ ಮೊಗಸಾಲೆಗೆ ಕಾಲಿಟ್ಟ ಕ್ಷಣವೇ ಬಾಯಿ ತೆರೆಯುತ್ತಾರೆ.

ನನ್ನ ಪಕ್ಕದಲ್ಲಿ ನಿಂತ ಒಬ್ಬ ಹುಡುಗಿ ಮಾತ್ರ ಕೂಗಲಿಲ್ಲ. ಆರನೆಯದೋ ಏಳನೆಯದೋ ಕ್ಲಾಸಿನವಳಿರಬೇಕು. ಬಗ್ಗಿ ಕೆಳಗೆ ನೋಡುತ್ತಿದ್ದಳು. 30 ಮೀಟರಿಗೂ ಹೆಚ್ಚು ಆಳದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಉದ್ದುದ್ದನೆಯ ಕಲ್ಲುಗಳು.

"ಕೆಳಗ ಏನೈತ್ರಿ ಸರ್?"

ಮೇಷ್ಟ್ರ ದನಿ ಬಿದ್ದುಹೋಗಿತ್ತು. ಐವತ್ತು ಮಕ್ಕಳನ್ನು ಎಣಿಸಿ ಎಣಿಸಿ ಸುಸ್ತಾಗಿದ್ದರು. "ಗೋರಿ ಅದಾವ. ನೀ ಈ ಕಡೆ ಬಾ, ಚಪ್ಪಾಳಿ ಹೊಡದು ನೋಡು" ಎಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಲವತ್ತು ವರ್ಷದ ಹಿಂದೆ ನಮ್ಮ ಮೇಷ್ಟ್ರು ನನಗೂ ಹೀಗೇ ಹೇಳಿದ್ದರು. ನಾನೂ ಚಪ್ಪಾಳೆ ಹೊಡೆದು ಎಣಿಸಿದ್ದೆ. ಗುಮ್ಮಟದ ಹೊರವ್ಯಾಸ 44 ಮೀಟರ್, ಇಷ್ಟು ದೊಡ್ಡ ಗುಮ್ಮಟಕ್ಕೆ ಒಳಗೆ ಒಂದೂ ಕಂಬದ ಆಸರೆಯಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. 1656ರಲ್ಲಿ ತೀರಿಕೊಂಡ ಸುಲ್ತಾನ ಮೊಹಮ್ಮದ್ ಆದಿಲ್ ಷಾ ಅಲ್ಲಿ ಮಲಗಿದ್ದಾನೆ, ಜೊತೆಗೆ ಅವನ ಮನೆಮಂದಿಯೂ ಇದ್ದಾರೆ, ಕಟ್ಟೆಯ ಮೇಲೆ ಕಾಣುವುದು ಗುರುತಿನ ಕಲ್ಲುಗಳಷ್ಟೇ, ನಿಜವಾದ ಗೋರಿಗಳು ಅದರಡಿಯ ನೆಲಮನೆಯಲ್ಲಿವೆ ಎಂಬುದೆಲ್ಲ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಕರ್ನಾಟಕದ ಮಕ್ಕಳಿಗೆಲ್ಲ ಹೆಸರು ಗೊತ್ತಿರುವ ಗೋರಿ ಇದು. ಗೋರಿ ಎಂಬುದೊಂದೇ ನೆನಪಿನಲ್ಲಿ ಇರುವುದಿಲ್ಲ.

ಭಯದ ಬೇಲಿ

ನಮ್ಮ ಕಡೆ, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ, ಸ್ಮಶಾನದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟದ್ದೆಲ್ಲ ಬೇಡಗಳೇ. ಆ ಕಡೆ ಹೋಗಬೇಡ. ಅಮಾವಾಸ್ಯೆ ದಿನವಂತೂ ಬೇಡವೇ ಬೇಡ. ಮಣ್ಣು ಮಾಡಿ ಹೊರಟ ಮೇಲೆ ತಿರುಗಿ ನೋಡಬೇಡ. ಸಾವಿನ ಮನೆಯಿಂದ ಏಳುವಾಗ "ಬರ್ತೀನಿ" ಅನ್ನಬೇಡ. ವಾಪಸು ಬಂದವರು ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು.

ಬೈಗುಳವನ್ನೇ ನೋಡಿ. "ಸುಡುಗಾಡಿಗೆ ಹೋಗು" ಎಂದರೆ ಅದಕ್ಕಿಂತ ದೂರದ ಊರಿಲ್ಲ.

ಈ ಭಯ ಬೇಲಿಯ ಹಾಗಿತ್ತು. ಬೇಲಿಯೊಳಗೆ ದನ ಮೇಯಿಸಲಿಲ್ಲ, ಕಲ್ಲು ಕೀಳಲಿಲ್ಲ, ಗಲಾಟೆ ಮಾಡಲಿಲ್ಲ. ಅದನ್ನು ನಾವು ಗೌರವ ಎಂದುಕೊಂಡೆವು. ಆದರೆ ಅದರ ಬೇರು ಮೈಲಿಗೆಯ ಕಲ್ಪನೆಯಲ್ಲಿತ್ತು. ಸತ್ತವರ ಮೇಲಿನ ಪ್ರೀತಿ ಮನೆಯೊಳಗಿನ ಫೋಟೋಗೆ, ಪಿತೃಪಕ್ಷದ ಎಡೆಗೆ ಸಂದಿತು. ಅವರನ್ನು ಮಲಗಿಸಿದ ನೆಲಕ್ಕೆ ಹಾಲುತುಪ್ಪದ ದಿನ ಬಿಟ್ಟರೆ ವರ್ಷಕ್ಕೊಮ್ಮೆ ಸಂದರೆ ಹೆಚ್ಚು. ಮುಳ್ಳು ಬೆಳೆದು ಗುರುತೇ ಸಿಗದೆ ಅಜ್ಜಿಯ ಜಾಗ ಹುಡುಕಿದವರಲ್ಲಿ ನಾನೂ ಒಬ್ಬ.

ಈಗ ಬೇಲಿ ಬಿದ್ದಿದೆ. ಅದು ಬಿದ್ದದ್ದು ಒಳ್ಳೆಯದೇ. ಆದರೆ ಭಯ ಹೋದ ಜಾಗಕ್ಕೆ ಮೊಬೈಲು ಬಂದಿದೆ. ಹಳೆಯ ಗೋರಿಗಳಿಗೆ ಒರಗಿ ಮದುವೆಗೆ ಮುಂಚಿನ ಫೋಟೋಶೂಟು, ರಾತ್ರಿ ಸ್ಮಶಾನಕ್ಕೆ ನುಗ್ಗಿ 'ದೆವ್ವ ಹುಡುಕುವ' ವಿಡಿಯೊ. ದೆವ್ವ ಇದೆಯೆಂದು ನಂಬಿದ್ದ ನಮ್ಮಜ್ಜಿ ಅಲ್ಲಿ ಒಂದು ಎಲೆ ಕೂಡ ಕೀಳುತ್ತಿರಲಿಲ್ಲ. ದೆವ್ವ ಇಲ್ಲವೆಂದು ಗೊತ್ತಿರುವ ಹುಡುಗರು ಚಿಪ್ಸಿನ ಪೊಟ್ಟಣ ಎಸೆದು ಬರುತ್ತಾರೆ. ಹೆದರಿಕೆಯಿಂದ ಹುಟ್ಟಿದ ಶಿಸ್ತು ಹೆದರಿಕೆಯ ಜೊತೆಗೇ ಹೊರಟುಹೋಗುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ.

ಮೂರು ಹಿಡಿ ಮಣ್ಣು

ಹೆದರಿಕೆಯಿಲ್ಲದ ಗೌರವ ಹೇಗಿರುತ್ತದೆಂದು ನಾನು ಮೊದಲು ಕಂಡದ್ದು ಹುಬ್ಬಳ್ಳಿಯ ಒಂದು ಖಬರಸ್ತಾನದಲ್ಲಿ. ಗೆಳೆಯನ ತಂದೆ ತೀರಿಕೊಂಡಿದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬಸ್ಸಿಳಿದು ಓಡಿದೆ. ಜನಾಜಾ ಆಗಲೇ ಗೇಟು ದಾಟಿತ್ತು. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಎಲ್ಲರೂ ನಾಲ್ಕು ಹೆಜ್ಜೆ ಹೊರುತ್ತಿದ್ದರು. ನನಗೂ ಹೆಗಲು ಕೊಡಲು ಜಾಗ ಬಿಟ್ಟರು. ಯಾರೂ ಏನೂ ಕೇಳಲಿಲ್ಲ.

ಆಮೇಲೆ ಏನು ಮಾಡಬೇಕೋ ತಿಳಿಯದೆ, ಗುಂಪಿನ ಹಿಂದಿನಿಂದ ಕಾಣಲೆಂದು ದಿಬ್ಬದಂತಿದ್ದ ಜಾಗವೊಂದರ ಮೇಲೆ ನಿಂತೆ. ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಮೊಣಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿಕೊಂಡರು.

"ಅದೂ ಗೋರಿನ ಐತ್ರಿ. ಕಲ್ಲಿಲ್ಲ ಅಷ್ಟ. ಬದಿಗೆ ಬರ್ರಿ."

ನನ್ನ ಮುಖ ಕೆಂಪಾಗಿದ್ದನ್ನು ನೋಡಿರಬೇಕು. ಕೈ ಬಿಡದೆ ಗುಂಡಿಯ ಹತ್ತಿರ ಕರೆದೊಯ್ದು, "ಮೂರು ಹಿಡಿ ಮಣ್ಣು ಹಾಕ್ರಿ. ನಿಮ್ಮ ಗೆಳೆಯಾನ ಅಪ್ಪಾರಿಗೆ ಮುಟ್ಟತೈತಿ" ಎಂದರು. ಎರೆಮಣ್ಣು, ಹಿಂದಿನ ರಾತ್ರಿಯ ಮಳೆಗೆ ತೇವವಾಗಿತ್ತು. ಉಗುರಿನೊಳಗೆ ಸೇರಿದ ಆ ಕಪ್ಪು ಎರಡು ದಿನ ಹೋಗಲಿಲ್ಲ.

ಹೊರಗೆ ಬರುವಾಗ ಅವರು ಇನ್ನೊಂದು ಮಾತು ಹೇಳಿದರು. ಖಬರಸ್ತಾನಕ್ಕೆ ಕಾಲಿಡುವಾಗ ಅವರು ಸಲಾಮ್ ಹೇಳುವುದು ಅಲ್ಲಿ ಮಲಗಿದವರಿಗಂತೆ. ಯಾರದೋ ಮನೆಗೆ ಹೋದಾಗ ಹೇಳುವುದಿಲ್ಲವೇ, ಹಾಗೆ. ಸಮಾಧಿಯ ಮೇಲೆ ಕೂರಬಾರದು, ತುಳಿಯಬಾರದು ಎಂಬುದೆಲ್ಲ ಈ ಒಂದು ಸಲಾಮಿನ ಬೆನ್ನಿಗೇ ಬರುತ್ತದೆ. ಒಬ್ಬರ ಮನೆಗೆ ಹೋಗಿದ್ದೇನೆಂದು ಒಪ್ಪಿಕೊಂಡ ಮೇಲೆ ಮಲಗಿದವರನ್ನು ದಾಟಿಕೊಂಡು ಓಡಾಡುವುದಕ್ಕೆ ಕಾಲು ಬರುವುದಿಲ್ಲ.

ನಮ್ಮ ಭಾಷೆಯೂ ಇದನ್ನು ಬಲ್ಲದು. ಬೇಕಾದವರ ಬಗ್ಗೆ 'ಸತ್ತರು' ಎನ್ನಲು ಕನ್ನಡದ ನಾಲಿಗೆ ಹಿಂಜರಿಯುತ್ತದೆ. ತೀರಿಕೊಂಡರು, ಹೋಗಿಬಿಟ್ಟರು, ಶಿವನ ಪಾದ ಸೇರಿದರು, ಲಿಂಗೈಕ್ಯರಾದರು ಎನ್ನುತ್ತೇವೆ. ಲಿಂಗಾಯತರಲ್ಲಿ ಕ್ರಿಯಾಸಮಾಧಿಯಲ್ಲಿ ಕೂರಿಸುತ್ತಾರೆ, ಎಡಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ, ವಿಭೂತಿ, ಪತ್ರೆ ಹಾಕುತ್ತಾರೆ. ಉತ್ತರ ಕರ್ನಾಟಕದಲ್ಲಿ ಅಂತ್ಯಕ್ರಿಯೆಗೆ ಹೋಗಿ ಬಂದವರು "ಮಣ್ಣಿಗೆ ಹೋಗಿದ್ನಿ" ಎಂದಷ್ಟೇ ಹೇಳುತ್ತಾರೆ. ಭಾಷೆಗೆ ಗೊತ್ತಿರುವ ಈ ನಯ ನಮ್ಮ ಕಾಲಿಗೂ ಕೈಗೂ ಬರಬೇಕು.

[ಬಾಕ್ಸ್] ಹೋಗುವ ಮುನ್ನ

*ಕಾಲುದಾರಿ ಇದ್ದರೆ ಅದರಲ್ಲೇ ನಡೆಯಿರಿ. ಕಲ್ಲಿಲ್ಲದ ದಿಬ್ಬವೂ ಸಮಾಧಿಯೇ ಇರಬಹುದು.*

*ಚಪ್ಪಲಿಯ ಪದ್ಧತಿ ಊರಿಂದೂರಿಗೆ ಬೇರೆ. ಗದ್ದುಗೆ, ಬೃಂದಾವನ, ದರ್ಗಾಗಳಲ್ಲಿ ಹೊರಗೇ ಬಿಡಬೇಕು. ಕೆಲವು ಖಬರಸ್ತಾನಗಳಿಗೆ ಹೆಂಗಸರು ಹೋಗುವ ರೂಢಿಯಿಲ್ಲ, ಇನ್ನು ಕೆಲವೆಡೆ ಇದೆ. ಬಾಗಿಲಲ್ಲಿ ಇರುವವರನ್ನು ಕೇಳಿದರೆ ಹೇಳುತ್ತಾರೆ. ಕೇಳಿದ್ದಕ್ಕೆ ಯಾರೂ ಬೇಸರಪಡುವುದಿಲ್ಲ.*

*ಎದುರಿಗೆ ಶವಯಾತ್ರೆ ಬಂದರೆ ಬದಿಗೆ ಸರಿದು ನಿಲ್ಲಿ. ಗಾಡಿಯಲ್ಲಿದ್ದರೆ ಹಾರ್ನ್ ಮಾಡಬೇಡಿ. ಚಪ್ಪಲಿ ಕಳಚಿ ನಿಲ್ಲುವ, ಅಂಗಡಿಯ ಬಾಗಿಲು ಅರ್ಧ ಎಳೆಯುವ ಪದ್ಧತಿ ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇದೆ.*

*ಅಳುತ್ತಿರುವವರ ಕಡೆ ಮೊಬೈಲು ತಿರುಗಿಸಬೇಡಿ. ಹೂವು ತಂದ ಪ್ಲಾಸ್ಟಿಕ್ಕನ್ನು ವಾಪಸು ಒಯ್ಯಿರಿ.*

ಕನ್ನಡಿಯ ಬಿಸಿಲು

ಪ್ರವಾಸಿ ತಾಣವಾದ ಮಾತ್ರಕ್ಕೆ ಗೋರಿಯ ಗೌರವ ಹೋಗಲೇಬೇಕೆಂದಿಲ್ಲ. ಬೀದರಿನಿಂದ ನಾಲ್ಕೈದು ಕಿಲೋಮೀಟರ್ ದೂರದ ಅಷ್ಟೂರಿಗೆ ಹೋಗಿ ನೋಡಬೇಕು. ಬಹಮನಿ ಸುಲ್ತಾನರ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಹುಮಾಯೂನ್ ಷಾನದು ಸಿಡಿಲು ಬಡಿದು ಅರ್ಧ ಸೀಳಿ, ಒಳಗಿನ ಗೂಡು ಕಾಣುವಂತೆ ಬಾಯಿ ತೆರೆದಿದೆ. ಅದರಾಚೆಗೆ ಅಹಮದ್ ಷಾ ವಲಿಯ ಗೋರಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು, 1436ರಲ್ಲಿ ತೀರಿಕೊಂಡವನು.

ಈತನ ಉರುಸು ನಡೆಯುವುದು ಹೋಳಿಹುಣ್ಣಿಮೆಯ ನಂತರ, ಹಿಂದೂ ತಿಥಿಯ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ನಡೆದುಕೊಂಡೇ ಬರುತ್ತಾರೆ. ಗೋರಿಯ ಮುಂದೆ ಶಂಖ ಊದಿ ಹೂವು ಏರಿಸುತ್ತಾರೆ. ಸುತ್ತಲ ಊರಿನ ಲಿಂಗಾಯತರಿಗೆ ಆತ ಅಲ್ಲಮಪ್ರಭುವಿನ ರೂಪ, ಮುಸ್ಲಿಮರಿಗೆ ವಲಿ. ಇಬ್ಬರೂ ಅದೇ ಹೊಸ್ತಿಲಿಗೆ ಹಣೆ ಹಚ್ಚುತ್ತಾರೆ. ಉರುಸಿನಲ್ಲಿ ಗದ್ದಲವಿಲ್ಲವೆಂದಲ್ಲ. ಜಾತ್ರೆಯೆಂದ ಮೇಲೆ ಮಿಠಾಯಿ ಅಂಗಡಿ, ಮಕ್ಕಳ ಪೀಪಿ ಎಲ್ಲ ಇರುತ್ತವೆ. ಆದರೆ ಆ ಗದ್ದಲ ಒಳಗೆ ಮಲಗಿದವನಿಗಾಗಿಯೇ ಸೇರಿದ್ದು, ಯಾರೂ ಅವನನ್ನು ಮರೆತು ಕೂಗುತ್ತಿರುವುದಿಲ್ಲ.

ಗೌರವವೆಂದರೆ ಬಾಯಿಗೆ ಬೀಗ ಎಂದು ತಿಳಿದಿದ್ದ ನನ್ನ ಲೆಕ್ಕ ಅಷ್ಟೂರಿನಲ್ಲಿ ತಪ್ಪಿತು.

ಉರುಸಿಲ್ಲದ ಒಂದು ದಿನ ನಾನು ಅಲ್ಲಿಗೆ ಹೋಗಿದ್ದೆ. ಒಳಗೆ ಕಡುಗತ್ತಲೆ. ಗೋಡೆಯ ತುಂಬ ಚಿತ್ರ, ಬರಹ ಇವೆಯೆಂದು ಕೇಳಿದ್ದೆನೇ ಹೊರತು ಏನೂ ಕಾಣಲಿಲ್ಲ. ಮೊಬೈಲಿನ ಫ್ಲ್ಯಾಶ್ ಹಾಕಲು ಹೋದಾಗ ನೋಡಿಕೊಳ್ಳುವವರು ತಡೆದರು. ಹೊರಗೆ ಹೋಗಿ ಅಂಗೈಯಗಲದ ಕನ್ನಡಿ ಹಿಡಿದು ಬಿಸಿಲನ್ನು ಬಾಗಿಲೊಳಗೆ ಹಾಯಿಸಿದರು. ಬೆಳಕಿನ ತುಣುಕು ಗೋಡೆಯ ಮೇಲೆ ಅಲುಗುತ್ತ ಮೇಲೇರಿತು. ಅದು ಹೋದಲ್ಲೆಲ್ಲ ಕೆಂಪು, ನೀಲಿ, ಚಿನ್ನದ ಬಣ್ಣ ಎದ್ದು ಮತ್ತೆ ಕತ್ತಲೊಳಗೆ ಇಳಿಯಿತು. ನೆತ್ತಿಯ ಮೇಲಿನ ಬಳ್ಳಿಗಳನ್ನು ಕಂಡದ್ದು ಒಂದು ಗಳಿಗೆ. ಕನ್ನಡಿ ಕೆಳಗಿಳಿಸಿ ಅವರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಆರು ನೂರು ವರ್ಷದ ಬಣ್ಣಕ್ಕೆ ಮುಖಕ್ಕೆ ಹೊಡೆಯುವ ಬೆಳಕು ಬೇಕಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಹಳೆಯ ಸಮಾಧಿಗಳ ಮೇಲಿನ ಅಕ್ಷರ ಓದುವ ಆಸೆ ಇರುವವರಿಗೂ ಇದೇ ಉಪಾಯ ಸಾಕು. ಮಸುಕಾದ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವ ಅಭ್ಯಾಸ ಬಹಳ ಜನಕ್ಕಿದೆ. ಸವೆದ ಕಲ್ಲು ಇನ್ನಷ್ಟು ಸವೆಯಲು ಅದು ದಾರಿ. ಕಲ್ಲಿನ ಬದಿಯಿಂದ ಓರೆಯಾಗಿ ಬೆಳಕು ಬೀಳಿಸಿದರೆ ಅಕ್ಷರದ ಅಂಚಿಗೆ ನೆರಳು ಹುಟ್ಟಿ ತಾನೇ ಓದಿಸಿಕೊಳ್ಳುತ್ತದೆ.

ಶತ್ರುವಿಗೂ ಒಂದು ಹಾಸು

ಶ್ರೀರಂಗಪಟ್ಟಣದಲ್ಲಿ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯ ಕಾಳಗದಲ್ಲಿ ಬಿದ್ದ. ಆ ರಾತ್ರಿ ಗೆದ್ದ ಬ್ರಿಟಿಷ್ ಸೈನ್ಯ ಊರನ್ನು ಕೊಳ್ಳೆ ಹೊಡೆಯಿತು. ಮರುದಿನ ಸಂಜೆ ಅದೇ ಸೈನ್ಯದ ತುಕಡಿಗಳು ಟಿಪ್ಪುವಿನ ಶವಯಾತ್ರೆಗೆ ಗೌರವದ ಕಾವಲಾಗಿ ನಡೆದವು. ತಂದೆತಾಯಿಗಾಗಿ ಅವನೇ ಕಟ್ಟಿಸಿದ್ದ ಗುಂಬಜಿನಲ್ಲಿ, ತಂದೆ ಹೈದರನ ಪಕ್ಕದಲ್ಲೇ ಅವನನ್ನು ಮಲಗಿಸಲಾಯಿತು. ಆ ಸಂಜೆ ಗುಡುಗು ಸಿಡಿಲಿನ ಭಾರಿ ಮಳೆ ಬಂತೆಂದು ಆಗಿನವರು ಬರೆದಿಟ್ಟಿದ್ದಾರೆ. ಕೊಳ್ಳೆ ಹೊಡೆದ ಸೈನ್ಯವೇ ಗೌರವದ ಕಾವಲನ್ನೂ ಕೊಟ್ಟದ್ದನ್ನು ಓದುವಾಗ ಮನಸ್ಸು ಎರಡಾಗುತ್ತದೆ. ಆದರೂ ಶತ್ರುವನ್ನು ಅವನ ತಂದೆಯ ಪಕ್ಕದಲ್ಲಿ, ಅವನ ಧರ್ಮದ ಕ್ರಮದಲ್ಲಿ ಮಲಗಲು ಬಿಟ್ಟರು ಎಂಬುದು ಉಳಿಯುತ್ತದೆ.

ಮೂವತ್ತಾರು ಕಪ್ಪು ಕಂಬಗಳ ಆ ಗುಂಬಜಿಗೆ ಜನ ಬರುತ್ತಾರೆ, ಚಪ್ಪಲಿ ಬಿಡುತ್ತಾರೆ, ತಲೆಗೆ ವಸ್ತ್ರ ಹಾಕುತ್ತಾರೆ. ಅದೇ ಊರಿನ ಗ್ಯಾರಿಸನ್ ಸಿಮೆಟ್ರಿಗೆ ಹೋಗುವವರು ಕಡಿಮೆ. ಟಿಪ್ಪುವಿನ ವಿರುದ್ಧ ಹೋರಾಡಿದ, ಆಮೇಲೆ ಇಲ್ಲೇ ಬೀಡುಬಿಟ್ಟ ಸೈನ್ಯದವರು, ಅವರ ಹೆಂಡತಿ ಮಕ್ಕಳು ಅಲ್ಲಿದ್ದಾರೆ. ಸ್ವಿಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಆ ಪಡೆ, 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಸೇರಿ, ನಾಲ್ಕು ವರ್ಷದ ಮೇಲೆ ಕಾವೇರಿಯ ದಂಡೆಗೆ ಬಂದು ನಿಂತಿತು. ಯಾರದೋ ಸಂಬಳಕ್ಕೆ ಯಾರದೋ ಯುದ್ಧ.

ಎಷ್ಟೋ ಕಾಲ ಪೊದೆ ಮುಚ್ಚಿಕೊಂಡಿದ್ದ ಆ ಜಾಗವನ್ನು ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶಸ್ಥರೇ ಮುಂದೆ ಬಂದು ಸರಿಪಡಿಸಿದರು. ಇನ್ನೂರು ವರ್ಷದ ಹಿಂದೆ ಪರದೇಶದಲ್ಲಿ ಮಡಿದ ತಮ್ಮ ಪಡೆಯವರಿಗಾಗಿ ಅಷ್ಟು ದೂರದಿಂದ ಬಂದು ಮುಳ್ಳು ಕಡಿಸಿದ್ದಾರೆ ಎಂದು ಕೇಳಿದಾಗ ನಮ್ಮಜ್ಜಿಯ ಕಳೆದುಹೋದ ಜಾಗ ನೆನಪಾಗಿ ಗಂಟಲು ಕಟ್ಟಿತು.

ಅಲ್ಲಿನ ಕಲ್ಲುಗಳ ನಡುವೆ ನಡೆಯುವಾಗ ನನ್ನ ಕಣ್ಣು ನಿಂತದ್ದು ಚಿಕ್ಕ ಸಮಾಧಿಗಳ ಮೇಲೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದರೆ ಎರಡು ಮೊಳ ಬರುವಂಥವು. ಆ ಮಗುವಿಗೂ ಟಿಪ್ಪುವಿಗೂ ಯಾವ ಜಗಳವಿತ್ತು? ಚರಿತ್ರೆಯ ಸಿಟ್ಟನ್ನು ಸಮಾಧಿಯ ಮೇಲೆ ತೀರಿಸಿಕೊಳ್ಳುವ ಮನಸ್ಸು ಈಚೆಗೆ ಎಲ್ಲ ಕಡೆಯೂ ಹೆಚ್ಚುತ್ತಿದೆ. ಹಾಗೆ ಅನ್ನಿಸಿದವರು ಗುಂಬಜ್ ನೋಡಿದ ದಿನವೇ ಇಲ್ಲಿಗೂ ಬಂದು ಹತ್ತು ನಿಮಿಷ ನಿಲ್ಲಲಿ.

[ಬಾಕ್ಸ್] ಕಾನೂನು ಏನು ಹೇಳುತ್ತದೆ?

*ಯಾರದೋ ಭಾವನೆಗೆ ನೋವುಂಟುಮಾಡುವ ಅಥವಾ ಧರ್ಮವನ್ನು ಅವಮಾನಿಸುವ ಉದ್ದೇಶದಿಂದ, ಇಲ್ಲವೇ ಹಾಗಾಗುತ್ತದೆಂದು ತಿಳಿದೂ, ಸಮಾಧಿ ಸ್ಥಳಕ್ಕೆ ಅತಿಕ್ರಮವಾಗಿ ಹೋಗುವುದು, ಶವಕ್ಕೆ ಅಗೌರವ ತೋರುವುದು, ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದು ಅಪರಾಧ. ಹಳೆಯ ದಂಡಸಂಹಿತೆಯ 297ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಾಗಿದೆ. ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ.*

*ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕದ ಗೋಡೆಯ ಮೇಲೆ ಹೆಸರು ಕೆತ್ತಿದರೆ 1958ರ ಸ್ಮಾರಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ.*

ಮೋರ್ಯರ ಮನೆ

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳಿವೆ. ಸುಮಾರು ನಾನೂರು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲುಮನೆಗಳು. ಕೆಲವಕ್ಕೆ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ, ಕಲ್ಲುಗಳನ್ನು ಮೋರ್ಯರ ಮನೆ. ಅಲ್ಲಿದ್ದವರು ಕುಳ್ಳರಂತೆ. ಸಮಾಧಿಯನ್ನು ಮನೆಯೆಂದೇ ಕರೆಯುವ ಈ ಮಾತು ಹುಬ್ಬಳ್ಳಿಯ ಹಿರಿಯರ ಸಲಾಮಿಗೆ ಎಷ್ಟು ಹತ್ತಿರ!

ನಿಧಿಗಳ್ಳರಿಗೆ ಮಾತ್ರ ಅದು ಮನೆಯಾಗಿ ಕಾಣಲಿಲ್ಲ, ಎಷ್ಟೋ ಕಡೆ ಅಗೆದು ಉರುಳಿಸಿದ್ದಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಆನೆಗೊಂದಿಯ ನವಬೃಂದಾವನ ಗಡ್ಡೆಯಲ್ಲಿ 2019ರ ಜುಲೈನಲ್ಲಿ ಇಂಥವರೇ ವ್ಯಾಸರಾಜರ ಬೃಂದಾವನವನ್ನು ಒಡೆದು ಹಾಕಿದರು. ಸುದ್ದಿ ಕೇಳಿ ತುಂಗಭದ್ರೆ ದಾಟಿ ಬಂದ ಭಕ್ತರು ಚದುರಿದ ಕಲ್ಲುಗಳನ್ನು ಆರಿಸಿ, ಒಂದೆರಡು ದಿನದಲ್ಲೇ ಮತ್ತೆ ಜೋಡಿಸಿ ನಿಲ್ಲಿಸಿದರು. ಐದು ಶತಮಾನದ ಹಿಂದಿನ ಯತಿಗಾಗಿ ಆ ದಿನ ಕೈಯಿಂದ ಕೈಗೆ ಕಲ್ಲು ದಾಟಿಸಿದ ಜನರಲ್ಲಿ ನಾನು ಇರಲಿಲ್ಲವಲ್ಲ ಎಂಬ ಹಳಹಳಿ ನನಗಿದೆ.

ಗುಂಡಿ ತೋಡುವವರು

ನವೆಂಬರ್ 2. ಕ್ರೈಸ್ತರಿಗೆ ಸಕಲ ಮೃತರ ಸ್ಮರಣೆಯ ದಿನ. ಬೆಂಗಳೂರಿನ ಹೊಸೂರು ರಸ್ತೆಯ ಸಿಮೆಟ್ರಿಗಳ ಹೊರಗೆ ಬೆಳಿಗ್ಗೆಯಿಂದಲೇ ಸೇವಂತಿಗೆ ರಾಶಿ, ಮೇಣದಬತ್ತಿಯ ಕಟ್ಟು. ಹಿಂದಿನ ವಾರವೇ ಬಂದು ಹುಲ್ಲು ಕಿತ್ತು, ಸುಣ್ಣ ಬಳಿದು, ಹೆಸರಿನ ಮೇಲೆ ಕಪ್ಪು ಬಣ್ಣ ತೀಡಿರುತ್ತಾರೆ. ಸಂಜೆಯಾದರೆ ಒಂದು ಇಡೀ ಬಡಾವಣೆಗೆ ದೀಪ ಹಚ್ಚಿದ ಹಾಗೆ. ಮಕ್ಕಳೂ ಬಂದಿರುತ್ತಾರೆ. ಅವರಿಗೆ ಆ ಜಾಗ ಅಪರಿಚಿತವಲ್ಲ. ತಾತನ ಹೆಸರನ್ನು ಬೆರಳಿಂದ ತಡವಿ ಓದುತ್ತಾರೆ. ಹಿಂದೂ ಮನೆಯಲ್ಲಿ ಬೆಳೆದ ನನಗೆ ಈ ಸಲಿಗೆ ಕಂಡು ಹೊಟ್ಟೆಕಿಚ್ಚಾದದ್ದುಂಟು.

ಅಲ್ಲಿ ಒಂದು ವಿಷಯ ಗಮನಿಸಿದೆ. ಮನೆಯವರು ಯಾರೂ ಬಾರದ ಹಳೆಯ ಸಮಾಧಿಗಳಿಗೂ ಒಂದೊಂದು ಬತ್ತಿ ಬೀಳುತ್ತದೆ. ಪಕ್ಕದ ಸಮಾಧಿಗೆ ಬಂದವರು ಉಳಿದದ್ದನ್ನು ಹಚ್ಚಿ ಹೋಗುತ್ತಾರೆ. ಅಂದು ಗಾಳಿ ಜೋರಾಗಿತ್ತು. ವಯಸ್ಸಾದ ಹೆಂಗಸೊಬ್ಬರು, "ಸ್ವಲ್ಪ ಈ ಕಡೆ ನಿಂತ್ಕೊಳಪ್ಪ, ಗಾಳಿಗೆ ಅಡ್ಡ" ಎಂದು ನನ್ನನ್ನು ನಿಲ್ಲಿಸಿ ಮೂರನೇ ಕಡ್ಡಿಗೆ ಬತ್ತಿ ಹೊತ್ತಿಸಿದರು. ಯಾರ ಸಮಾಧಿಯೆಂದು ಕೇಳಿದೆ. "ಗೊತ್ತಿಲ್ಲ. ನಮ್ಮವರ ಪಕ್ಕದ ಮನೆಯವರು" ಎಂದರು.

ಇಂಥ ಜಾಗಗಳಲ್ಲಿ ನಮ್ಮ ಕಣ್ಣಿಗೆ ಬೀಳದವರು ಅಲ್ಲಿ ಕೆಲಸ ಮಾಡುವವರು. ಹರಿಶ್ಚಂದ್ರ ಮಸಣ ಕಾಯ್ದ ಕತೆಗೆ ನಾವು ಕಣ್ಣೀರಿಡುತ್ತೇವೆ. ರಾಘವಾಂಕನ ಕಾವ್ಯ ಓದುತ್ತೇವೆ, ಸ್ಮಶಾನಕ್ಕೆ ಅವನ ಹೆಸರನ್ನೇ ಇಡುತ್ತೇವೆ. ಅಲ್ಲಿ ನಿಜಕ್ಕೂ ಕಾಯುವವರನ್ನು, ಗುಂಡಿ ತೋಡುವವರನ್ನು, ಸೌದೆ ಒಟ್ಟುವವರನ್ನು ತಲೆತಲಾಂತರದಿಂದ ಊರಾಚೆ ಇಟ್ಟವರೂ ನಾವೇ. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲು ನಿಂತಿದ್ದಾಗ, ಹೆತ್ತ ಮಕ್ಕಳೂ ಹತ್ತಿರ ಹೋಗಲು ಹೆದರಿದ ದೇಹಗಳನ್ನು ಎತ್ತಿ ಇಳಿಸಿದ್ದು ಈ ಕೈಗಳು.

ಸ್ಮಶಾನದಲ್ಲಿ ಗೌರವದ ಮಾತೆತ್ತಿದರೆ ಇವರಿಂದ ಶುರುಮಾಡಬೇಕು ಎಂದೇ ನನ್ನ ನಂಬಿಕೆ. "ಏ, ಬಾರೋ ಇಲ್ಲಿ" ಎನ್ನದೆ "ಅಣ್ಣಾ" ಎನ್ನಬೇಕು. ಕೂಲಿಯನ್ನು ಮೊದಲೇ ಮಾತಾಡಿ, ಚೌಕಾಸಿ ಮಾಡದೆ, ಕೈಗೆ ಕೊಡಬೇಕು. ನೆಲದ ಮೇಲೆ ಇಟ್ಟು ಹೋಗುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನು, ಸತ್ತವರನ್ನು ಹೂಳಲು ಸ್ವಂತ ಜಾಗವೇ ಇಲ್ಲದ ದಲಿತ ಕೇರಿಗಳು ನಮ್ಮ ರಾಜ್ಯದಲ್ಲಿ ಇನ್ನೂ ಇವೆ. ಹೆಣ ಸಾಗಿಸಲು ದಾರಿ ಬಿಡದೆ, ಹಳ್ಳ ದಾಟಿಸಿ ಒಯ್ಯಬೇಕಾದ ಊರುಗಳಿವೆ. ಸ್ಮಶಾನಕ್ಕೆ ನೆಲ ಒದಗಿಸಿ ಎಂದು ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯಿತು. ಮಲಗಲು ಆರಡಿ ಕೊಡದ ಊರಿನಲ್ಲಿ ಸಮಾಧಿಗೆ ಹೇಗೆ ಕೈಮುಗಿಯಬೇಕೆಂದು ಯಾರಿಗೆ ಹೇಳುವುದು?

ಅಭಿಮಾನದ ಸಾಲು

ಬೆಂಗಳೂರಿನ ಕಂಠೀರವ ಸ್ಟುಡಿಯೊದಲ್ಲಿ ಮೂರು ಸಮಾಧಿಗಳಿವೆ. 2006ರಲ್ಲಿ ತೀರಿಕೊಂಡ ಡಾ. ರಾಜ್‌ಕುಮಾರ್, 2017ರಲ್ಲಿ ಅವರ ಪತ್ನಿ ಪಾರ್ವತಮ್ಮ, 2021ರ ಅಕ್ಟೋಬರ್ 29ರಂದು ಹೋದ ಮಗ ಪುನೀತ್. ಆ ದಿನಾಂಕ ಬಂತೆಂದರೆ ಊರೂರಿಂದ ಜನ ಬರುತ್ತಾರೆ. ಊಟ ಹಾಕುತ್ತಾರೆ, ರಕ್ತ ಕೊಡುತ್ತಾರೆ, ಕಣ್ಣು ದಾನಕ್ಕೆ ಬರೆದುಕೊಡುತ್ತಾರೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಸಮಾಧಿಯ ಮುಂದೆ ಬಂದ ಗಳಿಗೆಯಲ್ಲಿ ಹಲವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ, ಸೆಲ್ಫಿಗಾಗಿ.

ಅವರಿಗೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಅತ್ತು ಕೆಂಪಾದ ಕಣ್ಣಿನಲ್ಲೇ ಸೆಲ್ಫಿ ತೆಗೆದುಕೊಂಡ ಹುಡುಗರನ್ನು ಕಂಡಿದ್ದೇನೆ. ಬಂದಿದ್ದೆ ಎಂಬುದಕ್ಕೆ ಒಂದು ಗುರುತು ಬೇಕೆನಿಸುವುದು ಮನುಷ್ಯಸಹಜ. ಕೇಳುವುದು ಇಷ್ಟೇ: ಮೊದಲು ಮುಖ ಕೊಟ್ಟು ನಿಲ್ಲಿ, ಕೈಮುಗಿಯಿರಿ, ನಿಮ್ಮ ಹಿಂದಿನವರಿಗೆ ಜಾಗ ಬಿಟ್ಟುಕೊಡಿ. ಫೋಟೋ ಬೇಕಾದರೆ ಹೊರಗೆ ಬಂದ ಮೇಲೆ, ದೂರದಿಂದ.

ಕುಪ್ಪಳಿಯ ಕವಿಶೈಲದಲ್ಲಿ ಇದು ತಾನೇ ಆಗುವುದನ್ನು ನೋಡಿದ್ದೇನೆ. ಕುವೆಂಪು ಅವರ ಸಮಾಧಿಯ ಹತ್ತಿರಕ್ಕೆ ಜನ ಹೇ ಎಂದು ಹತ್ತಿ ಬಂದರೂ, ಬಂಡೆಯಾಚೆಯ ಕಾಡಿನ ಕಣಿವೆ ಕಂಡೊಡನೆ ಮಾತು ನಿಲ್ಲಿಸುತ್ತಾರೆ. ಅಲ್ಲಿ ಕಾವಲುಗಾರನ ಸಿಳ್ಳೆ ಬೇಕಾಗಲಿಲ್ಲ.

ಗೋಡೆಗೆ ಕಿವಿ

ಗೋಳಗುಮ್ಮಟದ ಮೊಗಸಾಲೆಯಲ್ಲಿ ಕೂಗುವ ಅಗತ್ಯವೇ ಇಲ್ಲ. ಅದರ ಹೆಚ್ಚುಗಾರಿಕೆ ಇರುವುದು ಪಿಸುಮಾತಿನಲ್ಲಿ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ದುಂಡನೆಯ ಗೋಡೆಯ ಗುಂಟ ಹರಿದು ಸುಮಾರು 37 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಎಲ್ಲರೂ ಒಟ್ಟಿಗೆ ಕೂಗಿದರೆ ಇದೊಂದು ಕೇಳಿಸುವುದಿಲ್ಲ.

ಆ ಡಿಸೆಂಬರಿನ ಬೆಳಿಗ್ಗೆ ಮೇಷ್ಟ್ರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮೆಟ್ಟಿಲಿಗೆ ಇಳಿಸತೊಡಗಿದರು. ಮೊರೆತ ನಿಧಾನಕ್ಕೆ ಆರಿತು. ಆ ಹುಡುಗಿ ಇನ್ನೂ ಅಲ್ಲೇ ಇದ್ದಳು.

"ಅವ್ರ ಹೆಸರು ಏನ್ರಿ?" ಎಂದು ನನ್ನನ್ನು ಕೇಳಿದಳು.

ಗೊತ್ತಿದ್ದಷ್ಟು ಹೇಳಿದೆ. ಮೊಹಮ್ಮದ್ ಆದಿಲ್ ಷಾ. ಅವನ ಬೇಗಮರು ತಾಜ್ ಜಹಾನ್, ಅರೂಸ್ ಬೀಬಿ. ಅವನಿಗೆ ಬೇಕಾದವಳಾಗಿದ್ದ ರಂಭಾ. ಒಬ್ಬ ಮಗಳು, ಒಬ್ಬ ಮೊಮ್ಮಗ. ಅವಳು ಬೆರಳು ಮಡಿಚಿ ಎಣಿಸಿಕೊಂಡಳು. ಆರು.

ಎದುರು ಬದಿಯಲ್ಲಿ ಅವಳ ಗೆಳತಿ ಗೋಡೆಗೆ ಕಿವಿಯಿಟ್ಟು ಕಾಯುತ್ತಿದ್ದಳು. ಈಕೆ ಗೋಡೆಗೆ ಬಾಯಿ ಹಚ್ಚಿ, ಉಸಿರಿಗಿಂತ ಸ್ವಲ್ಪವೇ ಜೋರಾಗಿ, "ಕೆಳಗ ಆರು ಮಂದಿ ಮಲಗ್ಯಾರ" ಎಂದಳು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಲ್ಲಿನೊಳಗಿಂದಲೇ ಬಂದಂತೆ ಆ ಕಡೆಯ ದನಿ ಬಂತು.

"ಯಾರ‍್ಯಾರು?"

ಅವಳು ಒಂದೊಂದಾಗಿ ಹೆಸರು ಹೇಳತೊಡಗಿದಳು.